ಬೈಸಿಕೊಳ್ಳುವವಳು

ಹೆಣಕ್ಕೆ ನೀರು ಹುಯ್ಯುತ್ತಿದ್ದ ಪಕ್ಕದ ಮನೆಯ ಅಂಬುಜಮ್ಮ ಚೊಂಬನ್ನು ಅರ್ಧಕ್ಕೇ ಕೆಳಗಿಟ್ಟು, "ಈ ಕೈಲೇ ಅಲ್ವಾ ಆ ಮಗೀನ ಬೆರಳು ಮುರೀತಿದ್ದದ್ದು" ಎಂದಳು. ಮರೆಗೆ ಸೀರೆ ಹಿಡಿದು ನಿಂತಿದ್ದ ಹೆಂಗಸರು ಹೌದೆನ್ನುವಂತೆ ತಲೆಯಾಡಿಸಿದರು.

ಸಾವಿನ ಮನೆಯಲ್ಲಿ ಸತ್ತವರನ್ನು ನಾಲ್ಕು ಮಾತು ಹೊಗಳುವುದು ರೂಢಿ. ಕುಡುಕ ಸತ್ತರೂ 'ಮನಸ್ಸು ಮಾತ್ರ ಬೆಣ್ಣೆ' ಅನ್ನುತ್ತಾರೆ. ದೊಡ್ಡಲಕ್ಷ್ಮಮ್ಮನಿಗೆ ಅದೂ ದಕ್ಕಲಿಲ್ಲ. ಬೇಲಿಗೆ ಜಗಳ, ಕೋಳಿಗೆ ಜಗಳ, ನಲ್ಲಿ ನೀರಿಗೆ ಜಗಳ. ಕಬ್ಬಾಳಿನ ಆ ಬೀದಿಯಲ್ಲಿ ಅವಳ ಬಾಯಿಗೆ ಬೀಳದವರೇ ಇರಲಿಲ್ಲ. ಅಂಥವಳು ಮೂರು ದಿನ ಜ್ವರದಲ್ಲಿ ಮಲಗಿ, ನಿನ್ನೆ ಸಂಜೆ ಯಾರನ್ನೂ ಬೈಯದೆ ಹೋಗಿಬಿಟ್ಟಳು.

"ದಿನಾ ಹತ್ತು ಗಂಟೆಗೆ ಮಗು ಕಿರುಚೋದು ನಮ್ಮ ಹೊಲದ್ಗಂಟ ಕೇಳ್ತಿತ್ತು ಕಣ್ಲಾ" ಎಂದ ಜಗುಲಿಯ ಮೇಲೆ ಕೂತಿದ್ದ ಚಲುವಯ್ಯ. "ಇನ್ನಾರ ಬೀದಿ ತಣ್ಣಗಿರ್ತದೆ."

ಸೊಸೆ ರಮ್ಯಾ ಒಳಗೆ ಗೋಡೆಗೊರಗಿ ಕೂತಿದ್ದಳು. ಮಡಿಲಲ್ಲಿ ಐದು ವರ್ಷದ ಮಗಳು ಸಿರಿ. ಸುಟ್ಟು ಮಾಯ್ದ ಚರ್ಮ ಬಿಗಿದುಕೊಂಡು ಸಿರಿಯ ಬಲಗೈ ಬೆರಳುಗಳು ಅಂಗೈ ಕಡೆಗೆ ಬಾಗಿದ್ದವು. ಮೂರು ದಿನದಲ್ಲೇ ಇನ್ನಷ್ಟು ಬಾಗಿದ್ದವು.

"ಇನ್ನ ಬುಟ್ಬುಡು ಕಣವ್ವ" ಎಂದಳು ಒಳಬಂದ ಅಂಬುಜಮ್ಮ. "ಅವಳ ಜೊತೇಲೇ ಆ ಹಿಂಸೇನೂ ಮಣ್ಣಾಗ್ಲಿ."

"ಬುಟ್ಬುಟ್ಟೆ ಕಣಕ್ಕ" ಎಂದಳು ರಮ್ಯಾ. ಅತ್ತೆ ಹೋದ ದುಃಖಕ್ಕಿಂತ ಆ ಮಾತು ಹೇಳಿದ ನೆಮ್ಮದಿಯೇ ದೊಡ್ಡದಾಗಿತ್ತು.

*

ಒಂಬತ್ತು ತಿಂಗಳ ಹಿಂದೆ, ಹಾರೋಹಳ್ಳಿ ಫ್ಯಾಕ್ಟರಿಯ ವ್ಯಾನು ರಸ್ತೆಯಲ್ಲಿ ಹಾರನ್ ಹೊಡೆದಾಗ, ರಮ್ಯಾ ಕುದಿಯುವ ಸಾರಿನ ಪಾತ್ರೆಯನ್ನು ನೆಲಕ್ಕಿಳಿಸಿ ಹಾಗೇ ಓಡಿದ್ದಳು. ಮಗು ಅದಕ್ಕೆ ಕೈಯಿಟ್ಟಿತು. ಊರು ಬೈದದ್ದು ಮುದುಕಿಯನ್ನು: ಮನೇಲಿದ್ದೋಳು ಏನ್ ಕಡ್ದು ಹಾಕ್ತಿದ್ಲು? ದೊಡ್ಡಲಕ್ಷ್ಮಮ್ಮ ತಿರುಗಿ ಮಾತಾಡಲಿಲ್ಲ. ಜಗಳಕ್ಕೆ ಬಂದವರನ್ನು ಆಕೆ ಸುಮ್ಮನೆ ಕಳಿಸಿದ್ದು ಜೀವಮಾನದಲ್ಲಿ ಅದೊಂದೇ ಸಲ. ರಮ್ಯಾಳೂ ಬಾಯಿ ಬಿಡಲಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಗಾಯವೇನೋ ಮಾಯಿತು. ಆದರೆ ದಿನವೂ ಬೆರಳುಗಳನ್ನು ಹಿಡಿದು ನೆಟ್ಟಗೆ ಬಿಡಿಸದಿದ್ದರೆ ಚರ್ಮ ಕುಗ್ಗಿ ಕೈ ಮುಷ್ಟಿಯಾಗಿಯೇ ಉಳಿಯುತ್ತದೆ ಎಂದರು ಡಾಕ್ಟರು. ದಿನಾ ಬಸ್ಸು ಹತ್ತಿಸಿ ಕರೆದೊಯ್ಯುವವರು ಯಾರು? ಅಲ್ಲಿ ಕೈಕಾಲಿನ ವ್ಯಾಯಾಮ ಮಾಡಿಸುವ ಇಸ್ಮತ್ ಎಂಬ ಮೇಡಂ, ಫೋನಿನಲ್ಲೇ ಹೇಳಿಕೊಡುತ್ತೇನೆ ಎಂದರು. ಮೊಬೈಲನ್ನು ಸ್ಪೀಕರಿಗೆ ಹಾಕಿ ಗೂಡಿನಲ್ಲಿಟ್ಟು, ಆ ಕಡೆಯಿಂದ ಅವರು ಎಣಿಸಿದಂತೆ ಈ ಕಡೆ ಮುದುಕಿ ಒಂದೊಂದೇ ಬೆರಳು ಬಿಡಿಸುತ್ತಿದ್ದಳು. ಸಿರಿ ಕಚ್ಚುತ್ತಿದ್ದಳು, ಉಗಿಯುತ್ತಿದ್ದಳು.

ರಜೆಯ ದಿನವೂ ಮುದುಕಿ ಸೊಸೆಯನ್ನು ಹತ್ತಿರ ಸೇರಿಸಲಿಲ್ಲ. "ನಿನ್ ಕೈಲಾಗಾಕಿಲ್ಲ, ಹೋಗಿ ಹಿತ್ಲು ಗುಡ್ಸು" ಎಂದು ಗದರಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ರಮ್ಯಾ ಹಿತ್ತಿಲಲ್ಲಿ ಕಿವಿ ಮುಚ್ಚಿಕೊಂಡು, ಇವಳು ಯಾವಾಗ ಸಾಯುತ್ತಾಳೋ ಅಂದುಕೊಳ್ಳುತ್ತಿದ್ದಳು. ಹಾಗೆ ಅಂದುಕೊಂಡದ್ದು ಒಂದೆರಡು ಸಲವಲ್ಲ.

*

ಹೆಣವನ್ನು ಚಟ್ಟಕ್ಕೆ ಕಟ್ಟುತ್ತಿರುವಾಗ ಹತ್ತು ಗಂಟೆಯಾಯಿತು. ಫೋನು ಬಡಿದುಕೊಂಡಿತು. ರಮ್ಯಾ ಮಗುವನ್ನು ಮಡಿಲಿಂದ ಇಳಿಸಿ ಫೋನು ಎತ್ತಿಕೊಂಡಳು.

"ಅಜ್ಜಿ, ಜ್ವರ ಇಳೀತಾ?" ಎಂದರು ಇಸ್ಮತ್.

"ಅತ್ತೆ ತೀರ್ಕೊಂಡ್ರು ಮೇಡಂ. ಇನ್ಮೇಲೆ ಫೋನ್ ಮಾಡ್ಬೇಡಿ. ನಾವು ಬುಟ್ಬುಟ್ಟಿದೀವಿ."

"ಬೆರಳು ಹೇಗಿದೆ ಈಗ?"

"ಬಾಗೈತೆ."

"ನೀವೇ ಮಾಡಿ."

"ನಾಳೆ ನೋಡಾಣ."

"ನಾಳೆ ಅಂದೋರು ಯಾರೂ ಮಾಡಲ್ಲ ರಮ್ಯಾ. ಮಗೂನ ತಾಯಿ ಕೈಲಿ ಮಾಡಿಸಿ ಅಂತ ನಿಮ್ಮತ್ತೆಗೆ ಎಷ್ಟೋ ಸಲ ಹೇಳಿದೆ. ಏನಂದ್ರು ಗೊತ್ತಾ? 'ನೋಯ್ಸೋರ ಮೇಲೆ ಮಗೀಗೆ ಹಗೆ ಬತ್ತದೆ. ಅವ್ವನ ಮೇಲೆ ಬಂದ್ರೆ ಹೋಗಾಕಿಲ್ಲ. ಬೈಸ್ಕಳಾಕೆ ನಾನಿವ್ನಿ, ನಂಗೆ ಅಭ್ಯಾಸ ಐತೆ.' ಹಾಗಂದು ನನಗೂ ನಾಲ್ಕು ಬೈದ್ರು."

"ಅವತ್ತು ಸಾರು ಕೆಳಗಿಟ್ಟೋಳು ನಾನು ಮೇಡಂ" ಎಂದಳು ರಮ್ಯಾ. ಯಾರ ಮುಂದೆಯೂ ಹೇಳದ ಮಾತು.

"ಅದನ್ನ ನಾನು ಕೇಳ್ತಿಲ್ಲ. ಮಗೂನ ಕೂರಿಸ್ಕೊಳ್ಳಿ."

ರಮ್ಯಾ ಫೋನನ್ನು ಸ್ಪೀಕರಿಗೆ ಹಾಕಿ ಗೂಡಿನಲ್ಲಿಟ್ಟು ಬಾಗಿಲು ಹಾಕಿದಳು. ಸಿರಿಯನ್ನು ಎರಡು ಮಂಡಿಗಳ ನಡುವೆ ಹಿಡಿದು, ತೋರುಬೆರಳನ್ನು ನಿಧಾನವಾಗಿ ಎತ್ತಿದಳು. ಮಗು ಕಿರುಚಿದ್ದಕ್ಕೆ ಹೊರಗೆ ತಮಟೆ ನಿಂತಿತು.

ಅಂಬುಜಮ್ಮ ಬಾಗಿಲು ಬಡಿದಳು. "ಹೆಣ ಇನ್ನೂ ಎತ್ತಿಲ್ಲ, ಏನಮ್ಮಿ ನಿಂದು? ಮುದ್ಕಿ ನಿನ್ ಮೈಮೇಲೆ ಬಂದ್ಲಾ?"

"ಅತ್ತೆಗೆ ತಕ್ಕ ಸೊಸೆ. ಎಂಥ ಹೆಂಗ್ಸುಲಾ ಇವ್ಳು" ಎಂದ ಚಲುವಯ್ಯ, ಎಲ್ಲರಿಗೂ ಕೇಳುವಂತೆ. ರಮ್ಯಾಳ ಗಂಡ ಮನೋಹರ್ ಬೆಂಕಿಮಡಕೆ ಹಿಡಿದು ನಿಂತಿದ್ದ. ಅವನೂ ಬಾಗಿಲಿಗೆ ಬೆನ್ನು ತಿರುಗಿಸಿದ.

ರಮ್ಯಾ ಬಿಡಲಿಲ್ಲ. ಸಿರಿ ಅವಳ ತೋಳು ಕಚ್ಚಿದಳು, ಕೂದಲು ಜಗ್ಗಿದಳು. ಹೊರಗೆ ನಾಲ್ಕು ಜನ ಚಟ್ಟ ಎತ್ತಿ ಹೆಗಲಿಗಿಟ್ಟುಕೊಂಡರು. ಸಿರಿ ಕಿಟಕಿಯತ್ತ ತಿರುಗಿ, ಹೊರಟ ಹೆಣವನ್ನು ನೋಡುತ್ತ, ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದಳು:

"ಅಜ್ಜೀ, ಬಾ ಅಜ್ಜಿ. ಅಮ್ಮ ಕೈ ಮುರೀತಾವ್ಳೆ."

ಫೋನಿನಲ್ಲಿ ಇಸ್ಮತ್ "ಆರು, ಏಳು" ಎಂದು ಎಣಿಸಿದರು. ರಮ್ಯಾ ಬೆರಳನ್ನು ಇನ್ನೊಂದಿಷ್ಟು ಎತ್ತಿದಳು.