ಪರೀಕ್ಷೆಯಿಂದ ಎದ್ದು ಬಂದವಳು

ಮಾನ್-ಸೊಪ್ ಹೆಂಡತಿಯ ಪಟವನ್ನು ಬಿಳಿ ಸೇವಂತಿಗೆಗಳ ನಡುವೆ ನೇರ ಮಾಡುತ್ತಿದ್ದಾಗ ಅಕ್ಕ ಗುಮ್-ಜಾ ಹಿಂದಿನಿಂದ ಗೊಣಗಿದಳು.

"ಪಟದಲ್ಲಿ ಈ ಕರಿ ನಿಲುವಂಗಿ, ಟೋಪಿ ಎಲ್ಲ ಯಾಕೋ? ಪದವಿ ಕೈಗೆ ಬಂದಿತ್ತಾ ಅವಳಿಗೆ?"

"ಬಂದ ಹಾಗೇ ಅಕ್ಕ. ಕೊನೇ ಪರೀಕ್ಷೆ ದಿನ ನಾನು ಮನೇಲೇ ಇದ್ದೆನಲ್ಲ."

ನಿಲುವಂಗಿ ತೊಟ್ಟ ಫೋಟೊ ಎಲ್ಲರೂ ಎಲೆ ಉದುರುವ ಕಾಲದಲ್ಲೇ ತೆಗೆಸುತ್ತಾರೆ. ಪದವಿ ಬರುವುದು ಚಳಿ ಮುಗಿಯುವಾಗ. ಅಷ್ಟರೊಳಗೆ ಹೆಂಡತಿ ಬೋಂಗ್-ಸುನ್ ತನ್ನ ಬಟ್ಟೆ ರಿಪೇರಿ ಅಂಗಡಿಯಲ್ಲಿ, ಹೊಲಿಗೆ ಮಿಷನ್ ಮುಂದೆಯೇ ಕುಸಿದು ತೀರಿಕೊಂಡಿದ್ದಳು. ಯೊಂಗ್ಜು ಆಸ್ಪತ್ರೆಯ ಶವಾಗಾರದ ಪಕ್ಕದ ಅಂತಿಮ ನಮನದ ಕೋಣೆಗೆ ನಮಸ್ಕರಿಸಲು ಬಂದವರಿಗೆಲ್ಲ ಮಾನ್-ಸೊಪ್ ನಿನ್ನೆಯಿಂದ ಅದನ್ನೇ ಹೇಳುತ್ತಿದ್ದ: ನನ್ನ ಹೆಂಡತಿ ಎಂ.ಎ. ಬದುಕಿದ್ದಾಗ ಲೇವಡಿ ಮಾಡಿದ ಬಾಯಿಯೇ ಈಗ ಡಂಗುರ ಸಾರುತ್ತಿತ್ತು.

*

ಪಾಠವೆಲ್ಲ ಫೋನಿನಲ್ಲೇ. ನಡುನಡುವೆ ಅದು ನಿಂತು, 'ಇದ್ದೀರಾ?' ಎಂದು ಕೇಳುತ್ತಿತ್ತು. ಗುಂಡಿ ಒತ್ತದಿದ್ದರೆ ಹಾಜರಿ ಹೋಯಿತು. ಚಳಿಗಾಲಕ್ಕೆಂದು ಕಿಮ್ಚಿ ಉಪ್ಪಿನಕಾಯಿ ಹಾಕುವ ದಿನ ಕೈತುಂಬ ಖಾರ ಮೆತ್ತಿಕೊಂಡಿದ್ದ ಬೋಂಗ್-ಸುನ್ ಮೂಗಿನ ತುದಿಯಿಂದ ಒತ್ತಿದ್ದಳು.

"ಪದವಿ ನಿನ್ನ ಮೂಗಿಗೇ ಕೊಡಬೇಕು ಕಣೇ," ಎಂದಿದ್ದ ಮಾನ್-ಸೊಪ್.

"ಕೊಡಲಿ ಬಿಡಿ. ನಿಮ್ಮ ಮೂಗಿಂದ ಗೊರಕೆ ಬಿಟ್ಟು ಇನ್ನೇನು ಬಂದಿದೆ?"

ಕೊನೆಯ ಪರೀಕ್ಷೆ ಅವನ ತಾಯಿಯ ತಿಥಿಯ ಸಂಜೆಯೇ ಬಿತ್ತು. ಅಡುಗೆ ಎಲ್ಲ ಮಾಡಿಟ್ಟು, "ಎಡೆಗೆ ಅನ್ನ ಇವತ್ತು ನೀವೇ ಇಟ್ಟುಬಿಡಿ," ಎಂದು ಅವಳು ಪರೀಕ್ಷೆ ಬರೆಯಲು ಒಳಕೋಣೆ ಸೇರಿದಳು. ಹಿರೀಸೊಸೆಯೇ ಬಿಸಿ ಅನ್ನ ಇಡಬೇಕೆಂದು ಅಕ್ಕ ಮುಖ ಗಂಟಿಕ್ಕಿದಳು. ಮಾನ್-ಸೊಪ್ ಹೋಗಿ ಬಾಗಿಲು ಬಡಿದ. ಸ್ವಲ್ಪ ಹೊತ್ತಿಗೆ ಬೋಂಗ್-ಸುನ್ ಬಂದಳು, ಅನ್ನ ಇಟ್ಟಳು, ಎಲ್ಲರ ಜೊತೆ ಬಗ್ಗಿ ನಮಸ್ಕರಿಸಿದಳು.

"ಆಗ್ಲೇ ಮುಗೀತಾ ಪರೀಕ್ಷೆ?" ಎಂದು ಕೇಳಿದ ಮಾನ್-ಸೊಪ್.

"ಹ್ಞೂ, ಮುಗೀತು."

*

ಸಂಜೆ ದೇಗುವಿನಿಂದ ಹ್ಯೆ-ರಿಮ್ ಬಂದಳು. ಎರಡು ವರ್ಷ ಬೋಂಗ್-ಸುನ್ ಜೊತೆ ಓದಿದವಳು. ಪರದೆಯ ಮೇಲಲ್ಲದೆ ಒಮ್ಮೆಯೂ ಭೇಟಿಯಾದವಳಲ್ಲ. ಮಾನ್-ಸೊಪ್ ತಾನೇ ಅವಳಿಗೆ ಖಾರದ ಸಾರು ತಂದಿಟ್ಟ.

"ಪದವಿ ಪತ್ರ ಯಾವಾಗ ಕೊಡ್ತಾರಮ್ಮ? ನಾನೇ ಹೋಗಿ ತರ್ತೀನಿ."

ಹ್ಯೆ-ರಿಮ್ ಚಮಚ ಕೆಳಗಿಟ್ಟಳು. "ಭಾವ, ನಿಮಗೆ ಗೊತ್ತಿಲ್ವಾ? ಬೋಂಗ್-ಸುನ್ ಅಕ್ಕಂದು ಹಾಜರಿ ಪೂರ್ತಿ, ಪ್ರಬಂಧಗಳೂ ಪಾಸು. ಆದ್ರೆ ಕೊನೇ ಪರೀಕ್ಷೇಲಿ ಸೊನ್ನೆ. ಕ್ಯಾಮೆರಾ ಮುಂದಿಂದ ಎದ್ದರೆ ಸೊನ್ನೆನೇ. ಅದು ಪಾಸಾಗದೆ ಪದವಿ ಕೊಡಲ್ಲ."

"ಎದ್ದಳಾ? ಯಾಕೆ?"

"ಮೈಕ್ ಮುಚ್ಚೋ ಹಾಗಿರಲಿಲ್ಲ, ನಮಗೂ ಕೇಳಿಸ್ತು. ಯಾರೋ ಬಾಗಿಲು ಬಡಿದು, 'ಏ ಇವಳೇ, ಅನ್ನ ಆರ್ತಿದೆ, ಅಮ್ಮ ಕಾಯಬೇಕಾ?' ಅಂತ..."

ಅಲ್ಲಿಗೇ ಅವಳು ನಾಲಿಗೆ ಕಚ್ಚಿಕೊಂಡಳು. ಆ ದನಿ ಯಾರದೆಂದು ಅವಳಿಗೆ ಆಗಷ್ಟೇ ಹೊಳೆದಿತ್ತು.

"ಅಕ್ಕ ನಿಮ್ಮ ಮೇಲೆ ಒಂದು ಮಾತೂ ಆಡಲಿಲ್ಲ," ಎಂದಳು ಮೆಲ್ಲಗೆ. "ಬರೋ ಶನಿವಾರ ಮರುಪರೀಕ್ಷೆ ಇತ್ತು. ಅಂಗಡೀಲಿ ಕೂತು ಬರೀತೀನಿ, ಅಲ್ಲಿ ಯಾರೂ ಕರೆಯಲ್ಲ ಅಂತಿದ್ರು."

ಮಾನ್-ಸೊಪ್ ನಾಚಿಕೆಯಿಂದ ಹಿಡಿಯಾದ. ತನ್ನ ಒಂದು ಕೂಗಿಗೆ ಎರಡು ವರ್ಷ ನೀರುಪಾಲಾಗಿತ್ತು. ಅದನ್ನು ನುಂಗಿಕೊಂಡು ಅವಳು ಆ ರಾತ್ರಿ ಅವನಿಗೇ ಊಟ ಬಡಿಸಿದ್ದಳು.

"ಹಾಗಾದ್ರೆ ಆ ಪಟ ಇಳಿಸೋ. ನಾಲ್ಕು ಜನ ನೋಡಿದ್ರೆ ಏನಂದಾರು?" ಎಂದಳು ಗುಮ್-ಜಾ.

"ಇರಲಿ ಅಕ್ಕ. ಮುಖ ಮುಚ್ಚಿಕೊಳ್ಳಬೇಕಾದೋನು ನಾನು."

ಅಷ್ಟರಲ್ಲಿ ಪಟದ ಮುಂದಿಡುವ ಸಂಜೆಯ ಊಟ ಬಂತು. ತಟ್ಟೆ ತಂದವನು, "ಮುಚ್ಚಳ ತೆಗೆದು ಅವರನ್ನ ಕರೀರಿ ಯಜಮಾನರೇ," ಎಂದ. ಗುಮ್-ಜಾ ಆಗಲೇ ಎದೆ ಬಡಿದುಕೊಂಡು ರಾಗ ತೆಗೆದಿದ್ದಳು: "ಬಾರೇ ತಾಯೀ, ಉಣ್ಣು ಬಾರೇ..."

"ಕರೀಬೇಡ ಅಕ್ಕ," ಎಂದ ಮಾನ್-ಸೊಪ್. "ಸುಮ್ಮನಿರು."

ಅವನು ಅನ್ನದ ಬಟ್ಟಲನ್ನು ಮುಚ್ಚಳ ತೆಗೆಯದೆ ತೊಡೆಯ ಮೇಲಿಟ್ಟುಕೊಂಡು, ಆರದಂತೆ ಎರಡೂ ಅಂಗೈಯಲ್ಲಿ ಹಿಡಿದು, ಪಟದೆದುರು ಸದ್ದಿಲ್ಲದೆ ಕಾಯುತ್ತ ಕೂತ.