ಬಾವುಟ ಒಣಗಿಸಿದ ಬಗೆ

ಆ ಪುಟ್ಟ ದ್ವೀಪದೇಶಕ್ಕೆ ಸ್ವಾತಂತ್ರ್ಯ ಬಂದ ದಿನ ನಗರಸಭೆಯ ನೆತ್ತಿಯ ಮೇಲೆ ಮೊಟ್ಟಮೊದಲು ಹಾರಿದ ಬಾವುಟವು ಅರವತ್ತು ವರ್ಷಗಳ ಧೂಳನ್ನು ಹೊತ್ತು ಲಾಂಡ್ರಿ ಯಜಮಾನರ ಮೇಜಿಗೆ ಬಂದಿತು. ಮರುದಿನ ಅದು ಗಾಜಿನ ಪೆಟ್ಟಿಗೆ ಸೇರಬೇಕಿತ್ತು. ಅದನ್ನು ತಂದ ಗುಮಾಸ್ತರ ಕಂಕುಳಲ್ಲಿ ನಿಯಮಾವಳಿಯ ಪುಸ್ತಕವಿತ್ತು.

"ಒಂದು ನಿಯಮ ತಪ್ಪಿದ್ರೂ ನಗರಸಭೆ ಬಟ್ಟೆಯೆಲ್ಲ ಬೇರೆ ಲಾಂಡ್ರಿಗೆ ಹೋಗುತ್ತೆ. ಸಾಹೇಬರ ಮಾತು."

ನಗರಸಭೆಯ ಪರದೆಗಳನ್ನೂ ಸಮವಸ್ತ್ರಗಳನ್ನೂ ನಂಬಿಯೇ ಯಜಮಾನರ ಮನೆಯ ಒಲೆ ಉರಿಯುತ್ತಿತ್ತು. ಅವರು ಎಳೆಗೂಸಿಗೆ ನೀರೆರೆಯುವ ನಯದಿಂದ ಬಾವುಟವನ್ನು ತಣ್ಣೀರಿನಲ್ಲಿ ಅದ್ದಿ ತೆಗೆದರು. ಬಣ್ಣವೇನೋ ಬಿಡಲಿಲ್ಲ, ತೊಡಕು ಹುಟ್ಟಿದ್ದು ಒಣಗಿಸುವಾಗ. ಮಾಳಿಗೆಯ ಹಗ್ಗದತ್ತ ಅವರು ಹೆಜ್ಜೆಯಿಟ್ಟೊಡನೆ ಗುಮಾಸ್ತರು ಪುಟ ತಿರುವಿದರು.

"ನೆಟ್ಟಗೆ ಹಾಕಿದ್ರೆ ಹಾರಿಸಿದ ಹಾಗೆ, ನಿಮಗೆ ಅಧಿಕಾರ ಇಲ್ಲ. ತಲೆಕೆಳಗಾದ್ರೆ ಅವಮಾನ. ನೆಲಕ್ಕಂತೂ ತಾಗೋ ಹಾಗೇ ಇಲ್ಲ."

"ಯಂತ್ರಕ್ಕೆ ಹಾಕಿದ್ರೆ ಚಿಂದಿಯಾಗುತ್ತೆ. ಮತ್ತೇನು, ಹೊದ್ಕೊಂಡು ಬಿಸಿಲಲ್ಲಿ ಓಡಾಡ್ಲಾ?"

"ಉಡುಪಾಗಿ ಬಳಸಬಾರದು. ಹನ್ನೊಂದನೇ ನಿಯಮ."

ಮೆಟ್ಟಿಲ ಬಳಿ ನಿಂತಿದ್ದ ಯಜಮಾನರ ಅತ್ತೆಗೆ ತಾಳ್ಮೆ ತಪ್ಪಿತು. "ಅಳಿಯಂದಿರೇ, ದೇವರು ಕೈ ಕೊಟ್ಟಿಲ್ವಾ? ಒಂದೊಂದು ಮೂಲೆ ಹಿಡೀರಿ!"

ಗುಮಾಸ್ತರು ಪುಸ್ತಕವನ್ನೆಲ್ಲ ತಡಕಾಡಿದರು. ಹಿಡಿಯಬಾರದೆಂಬ ನಿಯಮ ಸಿಗಲಿಲ್ಲ. ಯಜಮಾನರು, ಅವರ ಹೆಂಡತಿ, ಅತ್ತೆ ಮೂರು ಮೂಲೆ ಹಿಡಿದರು. ನಾಲ್ಕನೆಯದು ನೆಲದತ್ತ ಜೋತುಬಿತ್ತು.

"ಓದ್ತಾ ನಿಂತ್ಕೊಳ್ಳಪ್ಪ," ಎಂದರು ಅತ್ತೆ. "ನೆಲ ಮುಟ್ಟಿದ್ರೆ ತಪ್ಪು ನಿಂದೇ."

ಗುಮಾಸ್ತರು ಪುಸ್ತಕ ಬಿಸುಟು ಮೂಲೆಗೆ ಕೈಹಾಕಿದರು. ಹೊತ್ತು ಹೋಗಬೇಕಲ್ಲ; ಬಾಯಿಪಾಠ ಒಪ್ಪಿಸತೊಡಗಿದರು: "ನೀಲಿ ಅಂದ್ರೆ ಆಕಾಶ, ಬಿಳಿ ಸತ್ಯ, ಕಾವಿ ಮಣ್ಣಿನ ದುಡಿಮೆ..."

"ಇದು ಏರಿದಾಗ ನಾನು ನಮ್ಮಪ್ಪನ ಹೆಗಲ ಮೇಲಿದ್ದೆ," ಎಂದರು ಅತ್ತೆ. "ಆವತ್ತು ಅರ್ಥ ಗಿರ್ಥ ಯಾರೂ ಹೇಳ್ಲಿಲ್ಲ. ದೊರೆಗಳ ಬಾವುಟದಲ್ಲಿ ಸಿಂಹ ಇತ್ತು, ಇದ್ರಲ್ಲಿ ಬರೀ ಪಟ್ಟಿ. 'ಸಿಂಹ ಎಲ್ಲಪ್ಪಾ?' ಅಂದೆ. 'ಇದು ನಮ್ದೇ ಕಣೇ, ಕಚ್ಚೋ ಪ್ರಾಣಿ ಯಾಕೆ?' ಅಂದ್ರು."

"ಅಮ್ಮಾ, ನಗಿಸ್ಬೇಡ, ಕೈ ಸಡಿಲ ಆಗುತ್ತೆ!" ಎಂದು ಮಗಳು ಕೂಗಿದಳು. ಆದರೆ ಮೊದಲು ನಕ್ಕವರು ಗುಮಾಸ್ತರೇ.

ಗಂಟೆಯೊಂದು ಕಳೆಯಿತು, ಬಾವುಟ ಗರಿಗರಿಯಾಯಿತು. ಗುಮಾಸ್ತರು ಜೋಮು ಹಿಡಿದ ಬೆರಳುಗಳನ್ನು ಕೊಡವಿ ಜೇಬಿನಿಂದ ವರದಿಯ ಹಾಳೆ ತೆಗೆದರು. 'ಒಣಗಿಸಿದ ವಿಧಾನ' ಎಂಬಲ್ಲಿ ಅವರ ಲೇಖನಿ ನಿಂತಿತು. ಯಜಮಾನರ ಉಸಿರೂ ನಿಂತಿತು. ಬಳಿಕ ದುಂಡಗಿನ ಅಕ್ಷರ ಮೂಡಿತು: 'ನಾಲ್ವರು ನಾಗರಿಕರ ಕೈಯಲ್ಲಿ, ನಿಯಮಬದ್ಧವಾಗಿ.'

"ನಾಲ್ಕನೆಯವರು ಯಾರು ಅಂತ ಸಾಹೇಬರು ಕೇಳಿದ್ರೆ?" ಎಂದರು ಯಜಮಾನರು.

"ಅದಕ್ಕೆ ಕಾಲಂ ಇಲ್ಲ ಬಿಡಿ."

ಮುಂದಿನ ಸೋಮವಾರ ನಗರಸಭೆಯ ಪರದೆಗಳು ಎಂದಿನಂತೆ ಗಂಟುಕಟ್ಟಿಕೊಂಡು ಬಂದವು. ಪುಣ್ಯಕ್ಕೆ, ಪರದೆಗಳಿಗೆ ನಿಯಮಾವಳಿ ಇರಲಿಲ್ಲ.