ಗಾಡಿ ಬರ್ತದ

"ಲೇ ಹೋಂಗಾರ್ಡ, ಸಾಹೇಬ ಬಂದಾಗ ಎದ್ದು ನಿಂದ್ರಬೇಕಂತ ನಿಮ್ಮವ್ವ ಕಲಿಸಿಲ್ಲೇನ್ ಬೇ?"

ಕುಕ್ಕರಗಾಲಲ್ಲಿ ಕೂತು ನೆಲ ಒರೆಸುತ್ತಿದ್ದ ಅಂಬಿಕಾ ಬಟ್ಟೆಯನ್ನು ಬಕೆಟ್ಟಿಗೆ ಎಸೆದು ಎದ್ದು ನಿಂತಳು. ಅಗ್ನಿಶಾಮಕ ಠಾಣೆಯ ಸಾಹೇಬ ಮೌನೇಶ ಒದ್ದೆ ನೆಲದ ಮೇಲೆ ಬೂಟುಗಾಲಲ್ಲೇ ನಡೆದು ಹೋಗಿ ಮೇಜಿನ ಮೇಲಿನ ಫೋನ್ ಮುಟ್ಟಿ ತೋರಿಸಿದ.

"ಇವತ್ತ ಯಾರೇ ಫೋನ್ ಮಾಡ್ಲಿ, ಗಾಡಿ ಹೆಲಿಪ್ಯಾಡಿನ್ಯಾಗ ನಿಂತದಂತ ಬಾಯಿ ಬಿಡಬ್ಯಾಡ. ಬ್ಯಾರೆ ಕಡಿ ಬೆಂಕಿ ಬಿದ್ದದ, ಆರ್ಸಾಕ ಹೋಗ್ಯದ ಅನ್ನು. ತಿಳೀತಿಲ್ಲೊ?"

"ಖರೇನ ಬೆಂಕಿ ಬಿದ್ರ ಏನ್ ಮಾಡ್ಲಿ ಸರ?"

"ಉಚ್ಚಿ ಹೊಯ್ದು ಆರ್ಸು."

ಹೊರಗೆ ಡ್ರೈವರ್ ಖಾಸಿಂ ಸಾಬ್ ಗಾಡಿ ಚಾಲೂ ಮಾಡಿದ. ಅಂಕಲಕೋಟೆಗೆ ಇದ್ದದ್ದು ಅದೊಂದೇ. ಇನ್ನೊಂದು ಗಾಡಿಗೆ ಹದಿನೈದು ವರ್ಷ ತುಂಬಿತೆಂದು ಗಾಲಿ ಬಿಚ್ಚಿ ಕಲ್ಲಿನ ಮೇಲೆ ನಿಲ್ಲಿಸಿ ಎರಡು ಬೇಸಿಗೆ ಕಳೆದಿದ್ದವು. ಠಾಣೆಯ ಇಪ್ಪತ್ತೇಳು ಹುದ್ದೆಗಳಲ್ಲಿ ಹದಿನಾರು ಖಾಲಿ. ಫೋನ್ ಎತ್ತುವವನ ಹುದ್ದೆಯೂ ಖಾಲಿ. ಹಾಗಾಗಿ ಗೃಹರಕ್ಷಕ ದಳದ ಅಂಬಿಕಾಳನ್ನು ಅಲ್ಲಿ ಕೂರಿಸಿದ್ದರು. ಕರೆದ ದಿನ ಡ್ಯೂಟಿ, ಕರೆದ ದಿನಕ್ಕಷ್ಟೇ ಕೂಲಿ. ಗಂಡ ತೀರಿಕೊಂಡ ಮೇಲೆ ಎರಡು ಹೆಣ್ಣುಮಕ್ಕಳ ಹೊಟ್ಟೆ ತುಂಬುತ್ತಿದ್ದದ್ದು ಅದರಿಂದಲೇ. ಪಿಯುಸಿ ಪಾಸಾಗಿದ್ದಳು. ಆದರೂ ಫೋನ್ ಎತ್ತುವುದರ ಜೊತೆಗೆ ನೆಲ ಒರೆಸುವುದೂ, ಸಾಹೇಬನ ಮನೆಗೆ ನೀರಿನ ಕ್ಯಾನ್ ಹೊರುವುದೂ ಅವಳ ಪಾಲಿಗೇ ಇತ್ತು.

ಅವತ್ತು ಮಂತ್ರಿ ಬರುವವನಿದ್ದ. ಊರಬಾಗಿಲಿಗೆ ಪುರಸಭೆ ಕಟ್ಟಿಸಿದ ಕಮಾನು ಉದ್ಘಾಟನೆ. ಹೆಲಿಕಾಪ್ಟರ್ ಇಳಿಯುವಲ್ಲಿ ಬೆಂಕಿ ಆರಿಸುವ ಗಾಡಿ ಇರಲೇಬೇಕು. ಬೆಳಿಗ್ಗೆ ಹತ್ತಕ್ಕೇ ಗಾಡಿ, ಸಾಹೇಬ, ಡ್ರೈವರ್, ಉಳಿದ ಸಿಬ್ಬಂದಿ ಎಲ್ಲ ಹೆಲಿಪ್ಯಾಡ್ ಮಾಡಿದ್ದ ಕಾಲೇಜು ಮೈದಾನಕ್ಕೆ ಹೋದರು. ಠಾಣೆಯಲ್ಲಿ ಅಂಬಿಕಾ ಒಬ್ಬಳೇ ಉಳಿದಳು.

ಫೋನ್ ಬಂದದ್ದು ಹನ್ನೆರಡೂ ಮುಕ್ಕಾಲಿಗೆ.

"ಫೈರ್ ಸ್ಟೇಶನ್ನೇನ್ರಿ? ಗುಡ್ಡದ ಓಣ್ಯಾಗ ಬೆಂಕಿ ಹತ್ಯದ! ಲಗೂನ ಬರ್ರಿ ಯಪ್ಪಾ, ಗಾಳಿ ಭಾಳ ಅದ!"

ಅಂಬಿಕಾ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಅದು ಅವಳದೇ ಓಣಿ. ದನಿ ಅದೇ ಓಣಿಯ ಮಲ್ಲಿಕಾಳದು.

"ಮಲ್ಲವ್ವಾ, ನಾ ಅಂಬಿಕಾ. ಎಲ್ಲಿ ಹತ್ಯದ?"

"ಅಂಬಿ? ಯವ್ವಾ, ತಿರುಪತಿ ಮನಿ ಹಿಂದಿನ ಹತ್ತಿಕಟಗಿ ಬಣವಿ ಉರಿಯಾಕತ್ತದ! ಗಾಡಿ ಕಳಸ ಬೇ!"

ಗಾಡಿ ಇಲ್ಲ ಎಂಬ ಎರಡು ಮಾತು ಅಂಬಿಕಾಳ ನಾಲಿಗೆಗೆ ಬರಲಿಲ್ಲ. ಸಾಹೇಬ ಹೇಳಿಕೊಟ್ಟ ಸುಳ್ಳೂ ಬರಲಿಲ್ಲ. ಖಾಸಿಂ ಸಾಬ್‌ಗೆ ಹೇಳಿದರೆ ಹತ್ತು ನಿಮಿಷದಲ್ಲಿ ಬಂದೇ ಬಿಡುತ್ತಾನೆ ಅನಿಸಿತು.

"ಬರ್ತದ ಬೇ, ಗಾಡಿ ಬರ್ತದ. ಈಗ ಬರ್ತದ."

ಅಷ್ಟು ಹೇಳಿ ಖಾಸಿಂ ಸಾಬ್‌ನ ಮೊಬೈಲಿಗೆ ಹಚ್ಚಿದಳು.

"ಬೇಟಿ, ಹೆಲಿಕಾಪ್ಟರ್ ಇನ್ನಾ ಬಂದಿಲ್ಲ. ತಡಿ, ಸಾಹೇಬ್ರಿಗೆ ಕೇಳ್ತೀನಿ." ಫೋನಿನಲ್ಲಿ ಮೈಕಿನ ಸದ್ದು, ಬ್ಯಾಂಡಿನ ಸದ್ದು. ನಡುವೆ ಮೌನೇಶನ ದನಿ: "ಗಾಡಿ ಒಂದ್ ಇಂಚ್ ಸರದ್ರ ನಿನ್ನ ಪಿಂಚಣಿ ಕುಂಡ್ಯಾಗ ಹೋಗ್ತದ ನೋಡ ಮುದುಕ." ಗಾಡಿ ಚಾಲೂ ಆದ ಸದ್ದು ಕೇಳಿತು. ಯಾರೋ ಪೊಲೀಸ್ ಸೀಟಿ ಊದಿದ. ಸದ್ದು ನಿಂತಿತು.

"ಬೇಟಿ..." ಅಂದ ಖಾಸಿಂ ಸಾಬ್. ಫೋನ್ ಇಟ್ಟುಬಿಟ್ಟ.

ಅಂಬಿಕಾ ಪಕ್ಕದ ಊರು ಮಾನ್ವಿಯ ಠಾಣೆಗೆ ಫೋನ್ ಮಾಡಿದಳು. ಈಗಲೇ ಹೊರಡ್ತೀವಿ, ಮುಕ್ಕಾಲು ತಾಸು ಬೇಕು ಅಂದರು. ಕಿಟಕಿಯಲ್ಲಿ ಗುಡ್ಡದ ಕಡೆ ಹೊಗೆ ಕಂಬದ ಹಾಗೆ ಎದ್ದಿತ್ತು. ಅವಳು ಫೋನ್ ಬಿಟ್ಟು ಬಾಗಿಲು ತೆರೆದು ಹಾಕಿ ಓಡಿದಳು.

ಓಣಿಯ ಬಾಯಲ್ಲಿ ಅವಳು ಕಂಡದ್ದು ಇದು. ಮಂದಿ ಬಂಡಿಗಳನ್ನು ಎಳೆದು ಬದಿಗೆ ಹಾಕುತ್ತಿದ್ದರು. ದಾರಿಗೆ ಅಡ್ಡವಿದ್ದ ಕಲ್ಲುಗಳನ್ನು ಎತ್ತಿ ಎಸೆಯುತ್ತಿದ್ದರು. ಹೆಂಗಸರು ದನ ಹೊಡೆದು ದಾರಿ ತೆರವು ಮಾಡುತ್ತಿದ್ದರು. ಗಾಡಿ ಬರುತ್ತದೆಂದು ದಾರಿ ಮಾಡುತ್ತಿದ್ದರು.

"ಗಾಡಿ ಎಲ್ಲಿ?" ಮಲ್ಲಿಕಾ ಅವಳ ಹಿಂದೆ ನೋಡಿದಳು. "ಅಂಬಿ, ಗಾಡಿ ಎಲ್ಲಿ ಬೇ?"

ಹತ್ತೊಂಬತ್ತು ಮನೆ ಸುಟ್ಟವು. ಸೂರಿನ ತಗಡುಗಳು ಕಾದು ಸುರುಳಿಯಾದವು. ಮಾನ್ವಿಯ ಗಾಡಿ ಬಂದಾಗ ನೀರು ಹೊಡೆಯಲು ಬೂದಿ ಮಾತ್ರ ಉಳಿದಿತ್ತು. ಸೊಂಟ ಮುರಿದು ಆರು ತಿಂಗಳಿಂದ ಹಾಸಿಗೆ ಹಿಡಿದಿದ್ದ ತಿರುಪತಿಯ ತಾಯಿ ಮುದುಕಮ್ಮ ಒಳಗೇ ಉಳಿದಿದ್ದಳು. ಮಗ ತಿರುಪತಿ ಸಿರವಾರದಲ್ಲಿ ಭತ್ತದ ಚೀಲ ಹೊರಲು ಹೋಗಿದ್ದ. ಮುದುಕಮ್ಮನನ್ನು ಮೊದಲು ಹೊತ್ತು ತರೋಣ ಎಂದು ಯಾರೋ ಅಂದಿದ್ದರು. ಗಾಡಿ ಬರಾಕತ್ತದ, ಮೊದ್ಲ ದಾರಿ ಬಿಡಿಸ್ರಿ ಎಂದು ಇನ್ನೊಬ್ಬರು ಅಂದಿದ್ದರು.

ಅಂಬಿಕಾಳ ಮನೆ ಓಣಿಯ ಆಚೆ ತುದಿಯಲ್ಲಿತ್ತು. ಅದು ಉಳಿಯಿತು, ಮಕ್ಕಳಿಬ್ಬರೂ ಉಳಿದರು. ಅದೂ ಒಂದು ತಪ್ಪಾಯಿತು. ಮರುದಿನ ಅವಳು ನೀರಿಗೆ ಹೋದಾಗ ನಳದ ಮುಂದಿನ ಹೆಂಗಸರು ಕೊಡ ಎತ್ತಿಕೊಂಡು ದೂರ ನಿಂತರು. ಮಲ್ಲಿಕಾ ಅವಳ ಖಾಕಿಯ ಮೇಲೆ ಉಗುಳಿದಳು. ಅಂಬಿಕಾ ಒರೆಸಿಕೊಳ್ಳಲಿಲ್ಲ.

ಮೂರನೆಯ ದಿನ ಪುರಸಭೆ ಅಧ್ಯಕ್ಷ ದೊಡ್ಡಪ್ಪ ಸಾಹುಕಾರ ಓಣಿಗೆ ಬಂದ. ಊರ ದೊಡ್ಡ ಅಕ್ಕಿ ಮಿಲ್ಲು ಅವನದೇ. ಹಿಂದೆ ತೆರಿಗೆ ವಸೂಲಿ ಮಾಡುವ ಗೌತಮ ಪುಸ್ತಕ ಹಿಡಿದು ಬಂದ. ಬೂದಿ ತಾಗದಂತೆ ಸಾಹುಕಾರ ಧೋತರ ಎತ್ತಿ ಹಿಡಿದಿದ್ದ.

"ಪರಿಹಾರ ಬೇಕಂದ್ರ ಮನಿ ನಿಮ್ದು ಅನ್ನಾಕ ಕಾಗದ ಬೇಕು. ಕಾಗದ ಬೇಕಂದ್ರ ಮನಿ ತೆರಿಗಿ ಕಟ್ಟಿರಬೇಕು. ಎಲ್ಲಾರ್ದೂ ನಾಕ್ ವರ್ಷದ ಬಾಕಿ ಅದ ಅಂತಾನ ಇಂವ."

ತಿರುಪತಿ ಕಾಲಿನಿಂದ ಬೂದಿ ಸರಿಸಿದ. "ಯಾವ ಮನಿಗಿ ಕಟ್ಟಬೇಕ್ರಿ ಸಾಹುಕಾರ್ರ? ಮನಿ ತೋರ್ಸ್ರಿ, ಈಗ ಕಟ್ತೀನಿ."

"ಏ ಬ್ಯಾಡ ಸೂಳೆಮಗನ, ನಾಲಿಗಿ ಭಾಳ ಉದ್ದ ಆಗ್ಯದ ನಿಂದು. ತೆರಿಗಿ ಕಟ್ಟಲಾರದ ಮಕ್ಳಿಗಿ ಬೆಂಕಿ ಗಾಡಿ ಬ್ಯಾರೆ ಬೇಕೇನ್? ಗಾಡಿ ಏನ್ ನಿಮ್ಮಪ್ಪ ಗಳಿಸಿಟ್ಟಾನ?"

"ನಿಮ್ಮ ಮಿಲ್ಲಿನ ತೆರಿಗಿ?" ಹಿಂದಿನಿಂದ ಮಲ್ಲಿಕಾ ಕೇಳಿದಳು. "ಓಣಿ ಬಾಯಾಗ ಒಂದ್ ನೀರಿನ ಟ್ಯಾಂಕ್ ಕಟ್ರಿ ಅಂತ ಫೆಬ್ರವರಿದಾಗ ಕಾಲ್ ಬಿದ್ವಿ. ದುಡ್ಡಿಲ್ಲ ಅಂದ್ರಿ. ಮರುದಿನ ಪೇಪರ್‌ನ್ಯಾಗ ಹದಿನಾಕ್ ಲಕ್ಷ ಉಳಿತಾಯ ಬಜೆಟ್ ಅಂತ ನಿಮ್ಮ ಫೋಟೊ ಬಂದಿತ್ತು."

"ಮಿಲ್ಲಿಂದು ಕೋರ್ಟಿನ್ಯಾಗ ಅದ. ನಿನಗೇನ್ ತಿಳೀತದ ಅದು, ರಂಡಿ." ಸಾಹುಕಾರ ಎಲೆಯಡಿಕೆ ಉಗುಳಿದ. ಆಮೇಲೆ ದನಿ ಇಳಿಸಿದ. "ನೋಡ್ರಿ, ನಾನೂ ಮನಷ್ಯಾನ. ಇದು ಗಾಡಿ ತಪ್ಪಲ್ಲ, ಸರ್ಕಾರದ ತಪ್ಪಲ್ಲ. ಆ ಹೋಂಗಾರ್ಡ್ ಹೆಂಗಸು ಟೈಮಿಗೆ ಸುದ್ದಿ ಕೊಡ್ಲಿಲ್ಲ, ಡ್ಯೂಟಿ ಬಿಟ್ಟು ಓಡಿ ಬಂದ್ಲು. ಆಕಿ ಮ್ಯಾಲ ಎಲ್ಲಾರೂ ಅರ್ಜಿ ಕೊಡ್ರಿ. ತಹಶೀಲ್ದಾರ್‌ಗೆ ನಾ ಹೇಳ್ತೀನಿ. ಬಾಕಿ ಪರಿಹಾರದಾಗ ಮುರ್ಕೊಂಡು ಕೊಡಸ್ತೀನಿ."

ಗೌತಮ ಶಾಯಿಯ ಡಬ್ಬಿ ತೆರೆದ. ಯಾರೂ ಕೂಡಲೇ ಮುಂದೆ ಬರಲಿಲ್ಲ. ಬಿಸಿಲು ತಲೆ ಸುಡುತ್ತಿತ್ತು, ಸೂರು ಇರಲಿಲ್ಲ. ಕೊನೆಗೆ ಒಬ್ಬ ಬಂದ. ಆಮೇಲೆ ಇನ್ನೊಬ್ಬಳು. ಮಲ್ಲಿಕಾ ಸಹಿ ಹಾಕಿದಳು. ತಿರುಪತಿಯ ಮುಂದೆ ಗೌತಮ ಮೂರು ಹಾಳೆ ಹಿಡಿದ, ಉಳಿದವರಿಗಿಂತ ಒಂದು ಹೆಚ್ಚು. ತಿರುಪತಿ ಮೂರಕ್ಕೂ ಹೆಬ್ಬೆಟ್ಟು ಒತ್ತಿದ. ಹೆಬ್ಬೆಟ್ಟಿನಲ್ಲಿ ಮೊದಲೇ ಬೂದಿಯ ಮಸಿ ಇತ್ತು.

ಅವತ್ತೇ ಠಾಣೆಯಲ್ಲಿ ಮೌನೇಶ ಅಂಬಿಕಾಳ ಮುಂದೆ ಟೈಪು ಮಾಡಿದ ಹಾಳೆ ಇಟ್ಟ. ಕರೆ ಬಂದ ವಿಷಯವನ್ನು ಮೇಲಧಿಕಾರಿಗಳಿಗೆ ತಿಳಿಸದೆ ಕರ್ತವ್ಯದ ಸ್ಥಳದಿಂದ ಪರಾರಿಯಾದೆನೆಂದು ಅದರಲ್ಲಿತ್ತು.

"ಸಹಿ ಹಾಕು. ಆರ್ ತಿಂಗಳಾದ್ ಮ್ಯಾಲ ಮತ್ತ ಕರೀತೀನಿ. ಹಾಕಲಿಲ್ಲಂದ್ರ ಕೇಸು."

"ಖಾಸಿಂ ಸಾಬ್ರಿಗೆ ಫೋನ್ ಮಾಡಿನಿ ಸರ."

"ಮಾಡಿಲ್ಲ ಅಂತ ಅವ್ನು ಬರದು ಕೊಟ್ಟಾನ."

ಖಾಸಿಂ ಸಾಬ್ ಬಾಗಿಲಲ್ಲೇ ನಿಂತಿದ್ದ. ನಿವೃತ್ತಿಗೆ ಎರಡು ತಿಂಗಳಿತ್ತು. ಅವಳು ಅವನ ಮುಖ ನೋಡಿದಳು. ಅವನು ಗಾಡಿಯ ಕಡೆ ನಡೆದು ಹೋದ.

ಅಂಬಿಕಾ ಹಾಳೆ ಹಿಡಿದುಕೊಂಡು ಮನೆಗೆ ಬಂದಳು. ಸಹಿ ಹಾಕಲಿಲ್ಲ.

ವಿಚಾರಣೆ ನಡೆದದ್ದು ಇಪ್ಪತ್ತು ದಿನದ ಮೇಲೆ, ತಹಶೀಲ್ದಾರ್ ಕಚೇರಿಯಲ್ಲಿ. ರಾಯಚೂರಿನಿಂದ ಒಬ್ಬ ಅಧಿಕಾರಿ ಬಂದಿದ್ದ. ಪಕ್ಕದಲ್ಲಿ ಗುಮಾಸ್ತ ಬರೆಯಲು ಕೂತಿದ್ದ.

"ಗಾಡಿ ಬರ್ತದಂತ ನೀ ಹೇಳಿದ್ದು ಖರೆನೊ ಸುಳ್ಳೊ?"

"ಹೇಳೀನ್ರಿ. ಅದು ಸುಳ್ಳಾತು. ನಾ ಹಂಗ ಹೇಳಿದ್ದಕ್ಕ ಮುದುಕಮ್ಮಾಯಿ ಸತ್ಲು. ಬರಕೋರಿ." ಅವಳು ಗುಮಾಸ್ತನ ಕಡೆ ತಿರುಗಿದಳು. "ಗಾಡಿ ಹೆಲಿಪ್ಯಾಡಿನ್ಯಾಗ ಇತ್ತು. ಅದನ್ನೂ ಬರಕೋರಿ."

ಗುಮಾಸ್ತ ಅಧಿಕಾರಿಯ ಮುಖ ನೋಡಿದ. ಅಧಿಕಾರಿ ಬೇಡವೆಂದು ತಲೆ ಅಲ್ಲಾಡಿಸಿದ. ಗುಮಾಸ್ತ ಮೊದಲ ಮಾತಷ್ಟೇ ಬರೆದು ಪೆನ್ನು ಮೇಜಿನ ಮೇಲಿಟ್ಟ.

ಅಂಬಿಕಾ ಮುಂದೆ ಬಗ್ಗಿ ಮೇಜಿನ ಮೇಲಿನ ಪೆನ್ನು ಎತ್ತಿಕೊಂಡು, ಗುಮಾಸ್ತ ಬರೆದದ್ದರ ಕೆಳಗೆ ತಾನೇ ಬರೆದಳು. ಗಾಡಿ ಹೆಲಿಪ್ಯಾಡಿನಲ್ಲಿತ್ತು. ಅದರ ಕೆಳಗೆ ಹೆಸರು ಬರೆದಳು. ಅಧಿಕಾರಿ ಹಾಳೆಯನ್ನು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿ, ಹೊಸ ಹಾಳೆ ತರಿಸಿ, ಸಹಿ ಹಾಕಲು ನಿರಾಕರಿಸಿದ್ದಾಳೆ ಎಂದು ಬರೆಸಿದ. ದಳದಿಂದ ಅವಳ ಹೆಸರು ಹೊಡೆದು ಹಾಕಿದ್ದೂ ಅದೇ ಹಾಳೆಯಲ್ಲಿ ಇತ್ತು.

ಹೊರಗೆ ಬೇವಿನ ನೆರಳಲ್ಲಿ ಹತ್ತೊಂಬತ್ತು ಮನೆಯವರೂ ಕೂತಿದ್ದರು. ಪರಿಹಾರದ ಆದೇಶವನ್ನು ಅವತ್ತೇ ಕೊಡುತ್ತಾರೆಂದು ಕರೆಸಿದ್ದರು. ಅವಳಿಗೆ ಯಾರೂ ಸರಿದು ಜಾಗ ಕೊಡಲಿಲ್ಲ. ಅವಳು ಕಚೇರಿಯ ಕಿಟಕಿಯ ಕೆಳಗೆ ಬಿಸಿಲಲ್ಲೇ ಕೂತಳು.

ಒಬ್ಬೊಬ್ಬರ ಹೆಸರು ಕೂಗಿದರು. ತಿರುಪತಿ ಒಳಗೆ ಹೋಗಿ ಎರಡು ಕಾಗದ ಹಿಡಿದು ಹೊರಗೆ ಬಂದ. ಓದಬಲ್ಲವರು ನೆರಳಲ್ಲಿ ಮೂರ್ನಾಲ್ಕು ಮಂದಿ ಇದ್ದರು. ಅವನು ಅವರ ಹತ್ತಿರ ಹೋಗಲಿಲ್ಲ. ಅಂಬಿಕಾಳ ಮುಂದೆ ನಿಂತು ಕಾಗದ ಚಾಚಿದ.

"ಒಂದು ಮನಿದು ಅಂದ ಗುಮಾಸ್ತ. ಇನ್ನೊಂದು ನಮ್ಮವ್ವಂದು. ಏನ್ ಬರದಾರ?"

ಮನೆಯದರಲ್ಲಿ ತೆರಿಗೆ ಬಾಕಿ ಮುರಿದು ಉಳಿದದ್ದು ಬರೆದಿತ್ತು. ಎರಡನೆಯದನ್ನು ಅವಳು ಮೊದಲು ಮನಸ್ಸಿನಲ್ಲೇ ಓದಿದಳು.

"ಜೋರಾಗಿ ಓದ ತಂಗಿ."

"ಮುದುಕಮ್ಮ, ವಯಸ್ಸು ಎಪ್ಪತ್ತೆಂಟು. ಬೆಂಕಿ ಅನಾಹುತಕ್ಕೆ ಮುನ್ನವೇ ವಯೋಸಹಜವಾಗಿ ಮೃತಪಟ್ಟಿದ್ದರೆಂದು, ಮೃತಳ ಮಗ ತಿರುಪತಿ ನೀಡಿದ ಹೇಳಿಕೆಯಂತೆ..."

"ಯಾರ್ ನೀಡಿದ?"

"ನೀನು ಅಣ್ಣಾ. ನಿನ್ನ ಹೆಬ್ಬೆಟ್ಟು ಅದ ಇಲ್ಲಿ."

ತಿರುಪತಿ ತನ್ನ ಬಲಗೈ ಹೆಬ್ಬೆಟ್ಟು ನೋಡಿಕೊಂಡ. ನೆರಳಲ್ಲಿದ್ದವರು ಈ ಕಡೆ ತಿರುಗಿದರು. ಮಲ್ಲಿಕಾ ಎದ್ದು ನಿಂತಳು, ಆದರೆ ಹತ್ತಿರ ಬರಲಿಲ್ಲ.

"ಇನ್ನೊಮ್ಮಿ ಓದು," ಅಂದ ತಿರುಪತಿ.

ಅವಳು ಓದಿದಳು.

"ಇನ್ನಾ ಜೋರಾಗಿ."

ಅಂಬಿಕಾ ಎದ್ದು ನಿಂತು ಕಿಟಕಿಗೆ ಮುಖ ಮಾಡಿ ಗಂಟಲು ಹರಿಯುವಂತೆ ಓದಿದಳು. ಒಳಗೆ ಗುಮಾಸ್ತ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದ. ಅಧಿಕಾರಿ ಏನೋ ಹೇಳಿದ. ಜವಾನ ಬಂದು ಕಿಟಕಿ ಮುಚ್ಚಿ ಒಳಗಿನಿಂದ ಅಗಳಿ ಹಾಕಿದ.

"ನಿಲ್ಲಸಬ್ಯಾಡ," ಅಂದ ತಿರುಪತಿ. ಮುಚ್ಚಿದ ಕಿಟಕಿಯ ಮುಂದೆ ಅವಳು ಮತ್ತೆ ಮೊದಲಿನಿಂದ ಓದತೊಡಗಿದಳು.